ಜಡ್ಡಾಗಿದ್ದ ಮಗಳು

ಬರೆದಿಟ್ಟ ಹಾಳೆಯನ್ನು ಯಶೋಧರಾ ಬೆಳಗಿನಿಂದ ನಾಲ್ಕನೆಯ ಸಲ ಓದುತ್ತಿದ್ದಳು. ಪ್ರತಿ ಸಲವೂ ಎರಡನೆಯ ಪ್ಯಾರಾಕ್ಕೆ ಬಂದಾಗ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅಲ್ಲಿ ತಪ್ಪೇನೂ ಇರಲಿಲ್ಲ. 'ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ಮೂರು ತಿಂಗಳು ರಜೆ ಹಾಕಿ ಮನೆಯಲ್ಲಿ ಕುಳಿತು ನನಗೆ ಗಣಿತ ಹೇಳಿಕೊಟ್ಟರು. ಸರಕಾರಿ ಇಂಜಿನಿಯರೊಬ್ಬರು ಮಗಳ ಓದಿಗಾಗಿ ಹೀಗೆ ಮಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.' ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದ ಅವಳು ಈ ಮಾತನ್ನು ಮಕ್ಕಳ ಮುಂದೆ, ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಇವತ್ತು ಮಧ್ಯಾಹ್ನ ಹಾನಗಲ್ಲಿನ ಸಮುದಾಯ ಭವನದಲ್ಲಿ ಅಪ್ಪನ ನುಡಿನಮನ. ಅಪ್ಪ ಸತ್ತು ಇಪ್ಪತ್ತೆರಡು ದಿನ. ಮನೆಯವರ ಪರವಾಗಿ ಮಾತಾಡಬೇಕಾದವಳು ಅವಳು. ತಮ್ಮ ಲೋಹಿತ ಭವನದಿಂದ ಫೋನು ಮಾಡಿ, ಬ್ಯಾನರಿನಲ್ಲಿ ಭರಮಪ್ಪ ಹೋಗಿ ಬರಮಪ್ಪ ಆಗಿದೆ, ಈಗೇನು ಮಾಡುವುದು ಎಂದು ಕೇಳಿದಾಗ ಅವಳು ವಿನಾಕಾರಣ ರೇಗಿದ್ದಳು. ರೇಗಿದ ಮೇಲೆ, ಅಪ್ಪನಾಗಿದ್ದರೆ ಮೇಜು ಹತ್ತಿ ನಿಂತು ಪೆನ್ಸಿಲಿನಿಂದ ಬ ಅಕ್ಷರದ ಕೆಳಗೊಂದು ಸಣ್ಣ ಗೀರು ಎಳೆದು ಇಳಿಯುತ್ತಿದ್ದರು ಎನ್ನಿಸಿತು.

ಪೆನ್ಸಿಲು. ಈ ಮನೆಯಲ್ಲಿ ಎಲ್ಲಿ ನೋಡಿದರೂ ಅಪ್ಪನ ಪೆನ್ಸಿಲಿನ ಗುರುತು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ತುದಿಗೆ ಅಡ್ಡಗೆರೆ, ಗೆರೆಯ ಪಕ್ಕ ದಿನಾಂಕ. ಬಿರುಕು ಬೆಳೆಯುತ್ತಿದೆಯೋ, ಬೆಳೆದರೆ ಎಷ್ಟು ದಿನಕ್ಕೆ ಎಷ್ಟು ಎಂದು ನೋಡುವುದಕ್ಕೆ. ಅಡಿಗೆಮನೆಯ ಕಿಟಕಿಯ ಮೂಲೆ, ದೇವರಮನೆಯಾಗಬೇಕಾಗಿದ್ದು ಬುದ್ಧನ ಪಟ ಬಂದ ಮೇಲೆ ಬರಿಯ ಕೋಣೆಯಾದ ಆ ಸಣ್ಣ ಕೋಣೆ, ಬಚ್ಚಲ ಬಾಗಿಲ ಮೇಲ್ಭಾಗ, ಎಲ್ಲ ಕಡೆ. ನಿನ್ನೆ ಸಂಜೆ ದೀಪ ಹಾಕಲು ಹೋದವಳು ಸ್ವಿಚ್ಚಿನ ಪಕ್ಕದಲ್ಲೇ ಒಂದು ಗೆರೆ ಕಂಡಳು. ಅವರು ಸಾಯುವ ನಾಲ್ಕು ದಿನ ಮೊದಲಿನ ದಿನಾಂಕ. ಬಿರುಕು ಗೆರೆಯನ್ನು ದಾಟಿ ಅರ್ಧ ಬೆರಳು ಮುಂದೆ ಹೋಗಿತ್ತು. ಅದನ್ನು ನೋಡಿದಾಗ ಯಾರೋ ಬೆನ್ನ ಹಿಂದೆ ನಿಂತು ಕನ್ನಡಕ ಸರಿಮಾಡಿಕೊಂಡಂತಾಗಿ ಅವಳು ದೀಪ ಹಾಕದೆಯೇ ಹೊರಗೆ ಬಂದಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಒಬ್ಬಳು ಎಪ್ಪತ್ತರ ಹತ್ತಿರದವಳು, ಕಪ್ಪು ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿದ್ದಳು. ಇನ್ನೊಬ್ಬಳು ಮೂವತ್ತು ದಾಟಿದವಳು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಯಾರೆಂದು ಕೇಳಲು ಯಶೋಧರಾ ಎದ್ದಳು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು.

"ಬರ್ರಿ ಹುಸೇನಬಿ, ಬರ್ರಿ. ಎಷ್ಟೊತ್ತಿನ ಬಸ್ಸಿಗೆ ಹೊಂಟ್ರಿ? ಬಾರವಾ ನಿಖತ, ಒಳಗ ಬಾ," ಎಂದು ಮುದುಕಿಯ ಕೈ ಹಿಡಿದಳು. ಅಪ್ಪ ಸತ್ತ ದಿನದಿಂದ ಯಾರು ಬಂದರೂ ಅಳದಿದ್ದ ಸರೋಜವ್ವ ಈ ಹೆಂಗಸಿನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಯಶೋಧರಾ ಹಾಳೆ ಹಿಡಿದುಕೊಂಡೇ ನಿಂತಿದ್ದಳು. ತನ್ನ ಅವ್ವನಿಗೆ ತನಗೆ ಗೊತ್ತಿಲ್ಲದ ಇಷ್ಟು ಹತ್ತಿರದವರೊಬ್ಬರು ಇದ್ದಾರೆಂಬುದು ಅವಳಿಗೆ ಅವಮಾನದಂತೆ ತಾಕಿತು. ಮನೆಯ ಎಲ್ಲ ಕೋಣೆಗಳ ಅಳತೆ ಬಲ್ಲೆನೆಂದುಕೊಂಡಿದ್ದವಳಿಗೆ ಹಿತ್ತಲಲ್ಲಿ ಇನ್ನೊಂದು ಬಾಗಿಲು ಕಂಡ ಹಾಗೆ.

"ಸವಣೂರಿನವ್ರು," ಎಂದಳು ಅವ್ವ ಕಣ್ಣೊರೆಸಿಕೊಳ್ಳುತ್ತ. "ನಿಮ್ಮಪ್ಪ ವರ್ಷಾ ಹೋಗ್ತಿದ್ರು ಇವರ ಮನಿಗೆ." ಅಷ್ಟು ಹೇಳಿ ಚಹಾಕ್ಕಿಡಲು ಒಳಗೆ ಹೋದಳು. ಅವಸರದಲ್ಲಿ ಹೋದಳೆಂದು ಯಶೋಧರಾಳಿಗೆ ಅನ್ನಿಸಿತು.

ನಿಖತ ಗೋಡೆಯನ್ನು ನೋಡುತ್ತಿದ್ದಳು. "ಅವ್ವೀ, ಇಲ್ಲೂ ಗೀಟ ಹಾಕ್ಯಾರ ನೋಡು," ಎಂದು ತಾಯಿಗೆ ತೋರಿಸಿ ನಕ್ಕಳು. "ನಮ್ಮನಿ ಗ್ವಾಡಿ ತುಂಬ ಅದಾವ್ರಿ ಅಕ್ಕಾ. ನಾ ಸಣ್ಣಾಕಿದ್ದಾಗ ಒಂದ ಅಳಿಸಿದ್ನಿ, ಅದಕ್ಕ ಚಾಚಾ ನನಗ ಇಡೀ ದಿನಾ ಲೆಕ್ಕಾ ಮಾಡಸಿದ್ರು. ನರ್ಸಿಂಗ್ ಕಲೀವಾಗ ಡೋಸಿನ ಲೆಕ್ಕಾ ಬರ್ತಿರ್ಲಿಲ್ಲ ನನಗ. ಅವ್ರ ಕಲಿಸಿದ್ದು." ತನಗೆ ಮಾತ್ರ ಸೇರಿದ್ದೆಂದುಕೊಂಡ ಗಣಿತವನ್ನು ಅಪ್ಪ ಸವಣೂರಿನ ಯಾವುದೋ ಮನೆಯ ಕಟ್ಟೆಯ ಮೇಲೆ ಕುಳಿತು ಇನ್ನೊಬ್ಬಳಿಗೂ ಹೇಳಿಕೊಡುತ್ತಿದ್ದರು. ಯಶೋಧರಾ ಮುಗುಳ್ನಕ್ಕಳು. ಆ ನಗು ಮುಖದ ಮೇಲೆ ಗಟ್ಟಿಯಾಗಿ ಕೂತಿತು.

ಹುಸೇನಬಿ ಅವಳನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಅವಳ ಮುಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. "ನೀನ ಅಲ್ಲಾ ಯಶೋಧರಾ? ನಿನ್ನ ನೋಡಬೇಕಂತ ಭಾಳ ವರ್ಷದಿಂದ ಇತ್ತು ಬೇಟಿ. ಈಗ ಆರಾಮದಿ ಹೌದಿಲ್ಲೋ? ಆವಾಗ ಭಾಳ ಜಡ್ಡಾಗಿತ್ತಂತಲ್ಲ ನಿನಗ, ಹಿರೇಕೆರೂರಾಗ."

"ನನಗ್ರಿ?"

"ಹೂಂ ಮತ್ತ. ನಮ್ಮನಿಯವ್ರು ಹಳ್ಳದಾಗ ಹ್ವಾದ ದಿವಸ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಎಷ್ಟೋ ಸಲ ಹೇಳಿ ಮಾತಿನ ಅಂಚುಗಳೆಲ್ಲ ಸವೆದಿದ್ದವು. "ಹತ್ತಿಮತ್ತೂರ ಕಡೆ ಬಟ್ಟಿ ಮಾರಾಕ ಹೋಗಿದ್ರು, ಲೂನಾ ಗಾಡಿ ಮ್ಯಾಲೆ. ಹೊಳ್ಳಿ ಬರೂವಾಗ ಹಳ್ಳದ ಸೇತುವಿ ಕುಸೀತು. ಮುಂಜಾನೇನ ಊರವ್ರು ಬಂದು ಸೇತುವಿ ಬುಡಕ ಮಣ್ಣ ಕೊಚ್ಚಿ ಹೊಂಟೈತ್ರಿ ಅಂತ ನಿಮ್ಮಪ್ಪ ಸಾಹೇಬ್ರಿಗೆ ಹೇಳಿದ್ರಂತ. ಅವ್ರು ನೋಡಾಕ ಹೊಂಟಿದ್ರಂತ. ಅಷ್ಟರಾಗ ನಿನಗ ಜಡ್ಡಂತ ಫೋನ್ ಬಂತು. ಹತ್ತ ದಿವಸದ ಮ್ಯಾಲೆ ನಮ್ಮನಿಗೆ ಬಂದ್ರು. ಬಾಗಲದಾಗ ನಿಂತ್ರು, ಒಳಗ ಬರ್ಲಿಲ್ಲ. 'ನಾ ಆ ದಿವಸ ಬಂದ ರಸ್ತಾ ಬಂದ್ ಮಾಡಸಬೇಕಾಗಿತ್ತವಾ, ಮಗಳಿಗೆ ಭಾಳ ಜಡ್ಡಂದ್ರು, ಬಿಟ್ಟ ಹೋದ್ನಿ' ಅಂದ್ರು. ನಾ ಏನ್ ಅನ್ಲಿ? 'ಮಗಳು ಹೆಂಗದಾಳ್ರಿ ಈಗ?' ಅಂತ ಕೇಳಿದ್ನಿ. ಅಷ್ಟ ಕೇಳಿದ್ದಕ್ಕ ಆ ಮನಷ್ಯಾ ನಿಂತಲ್ಲೇ ಅತ್ತಬಿಟ್ರು."

ಚಹಾದ ಕಪ್ಪುಗಳ ಸದ್ದು ಒಳಗೆ ನಿಂತಿತ್ತು. ಅವ್ವ ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದಾಳೆಂದು ಯಶೋಧರಾಳಿಗೆ ತಿಳಿಯಿತು.

"ಗಂಡ ಹ್ವಾದ ಮ್ಯಾಲೆ ನಮ್ಮ ಮಂದ್ಯಾಗ ನಾಕ ತಿಂಗಳ ಹೊರಗ ಬರೂಹಂಗಿಲ್ಲ. ಅದು ಮುಗದ ಕೂಡ್ಲೆ ದರ್ಗಾಕ್ಕ ಹೋಗಿ ನಿನ್ನ ಹೆಸರ್ಲೆ ದಾರಾ ಕಟ್ಟಿದ್ನಿ," ಎಂದಳು ಹುಸೇನಬಿ. "ನಂದಂತೂ ಹೋತು. ಆ ಹುಡುಗಿ ಆದ್ರೂ ಉಳೀಲಿ ಅಂತ. ಒಂದ ಜೀವ ಹೋತು, ಒಂದ ಜೀವ ಉಳೀತು. ಹಂಗಂತ ತಿಳ್ಕೊಂಡ ಇಷ್ಟ ವರ್ಷ ತಗದ್ನಿ ನೋಡು."

ಯಶೋಧರಾಳ ಕೈ ಇನ್ನೂ ಆ ಕೈಗಳ ನಡುವೆಯೇ ಇತ್ತು. ಹಿಂತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ.

ಅವಳಿಗೆ ಜಡ್ಡಾಗಿರಲಿಲ್ಲ. ಹದಿನೇಳು ವರ್ಷ, ಹಿರೇಕೆರೂರಿನ ಹಾಸ್ಟೆಲ್ಲು, ಶ್ರಾವಣದ ಮಳೆ. ಆ ದಿನ ಬೆಳಿಗ್ಗೆ ಎದ್ದಾಗ ಅವಳ ನೀರಿನ ತಂಬಿಗೆ ಕೋಣೆಯ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿತ್ತು. ಇಟ್ಟವರು ಯಾರೆಂದು ಹೇಳಲಿಲ್ಲ. ಕೋಣೆಯ ಮೂವರೂ ಕೂದಲು ಹಿಕ್ಕಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡದೆ ಇದ್ದರು. ಹಿಂದಿನ ದಿನ ಸ್ಕಾಲರ್‌ಶಿಪ್ಪಿನ ಪಟ್ಟಿ ಹಚ್ಚಿದ್ದರು, ಪಟ್ಟಿಯಲ್ಲಿ ಹೆಸರಿನ ಮುಂದೆ ಜಾತಿ ಇತ್ತು. ಅವಳು ತಂಬಿಗೆ ಎತ್ತಿಕೊಳ್ಳಲಿಲ್ಲ. ನೇರ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಸವಣೂರಿನ ಆಫೀಸಿಗೆ ಫೋನು ಮಾಡಿದಳು. ಅಪ್ಪನ ದನಿ ಕೇಳಿದ್ದೇ ತಂಬಿಗೆಯ ಮಾತು ಹೊರಗೆ ಬರಲಿಲ್ಲ. ಅಪ್ಪನಿಗೆ ಅದನ್ನು ಹೇಳುವುದೆಂದರೆ ಅಪ್ಪನನ್ನೂ ಎತ್ತಿ ಚಪ್ಪಲಿಗಳ ಪಕ್ಕ ಇಟ್ಟಂತೆ. "ಅಪ್ಪಾ, ನನಗ ಭಾಳ ಜಡ್ಡಾಗೈತಿ. ಜ್ವರಾ. ನೀ ಬಾ," ಎಂದಳು. ಅಳು ಮಾತ್ರ ನಿಜವಾಗಿತ್ತು. ಅತ್ತ ಕಡೆ ಯಾರೋ ಇಬ್ಬರು ಹಿಂದೆ ಮಾತಾಡುತ್ತಿದ್ದರು, ಹಳ್ಳ, ಹಳ್ಳ ಎನ್ನುತ್ತಿದ್ದರು. ಅದು ಈಗ, ಇಪ್ಪತ್ತೆಂಟು ವರ್ಷದ ಮೇಲೆ, ಈ ಪಡಸಾಲೆಯಲ್ಲಿ ಕುಳಿತಾಗ ಅವಳಿಗೆ ಕೇಳಿಸಿತು. ಆಗಲೂ ಕೇಳಿಸಿತ್ತೋ, ಅಥವಾ ಈಗ ತಾನೇ ಸೇರಿಸಿಕೊಳ್ಳುತ್ತಿದ್ದಾಳೋ. "ಎದ್ದ ಓಡ್ಯಾಡಬ್ಯಾಡ. ನಾ ಬರಾಕತ್ತೇನಿ," ಎಂದಿದ್ದರು ಅಪ್ಪ.

ಅವರು ಬಂದಾಗ ಮೂರು ಗಂಟೆ. ಅಷ್ಟರೊಳಗೆ ಕೋಣೆಯ ಹುಡುಗಿಯರಲ್ಲಿ ಒಬ್ಬಳು ತಾನಾಗಿಯೇ ತಂಬಿಗೆ ಒಳಗೆ ತಂದಿಟ್ಟು, ಗಿರಮಿಟ್ಟು ಕಲಸಿ, ಬಾರೇ ಎಂದು ಕೈ ಹಿಡಿದೆಳೆದಿದ್ದಳು. ಎಳೆದದ್ದಕ್ಕೆ ಯಶೋಧರಾ ಹೋಗಿದ್ದಳು. ಹೋಗಿ ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು. ಆ ನಗುವಿನ ನಾಚಿಕೆಯೇ ತಂಬಿಗೆಯದಕ್ಕಿಂತ ಹೆಚ್ಚಾಗಿ ಅವಳನ್ನು ಎಷ್ಟೋ ವರ್ಷ ಕಾಡಿತ್ತು. ತಿರುಗಿ ನೋಡಿದರೆ ವರಾಂಡದ ಆಚೆ, ಮಳೆಯಲ್ಲಿ, ಅಪ್ಪ. ಪ್ಯಾಂಟು ಮೊಣಕಾಲತನಕ ಒದ್ದೆ. ಕೈಯಲ್ಲಿ ಮೋಸಂಬಿ. ಬಾಯಿಯ ತುಂಬ ಮಂಡಕ್ಕಿ ಇಟ್ಟುಕೊಂಡೇ ಅವಳು ಎದ್ದು ನಿಂತಳು. ಅವರು ಹತ್ತಿರ ಬಂದು ಅವಳ ಹಣೆಯ ಮೇಲೆ ಅಂಗೈ ಇಟ್ಟರು. ಹಣೆ ತಣ್ಣಗಿತ್ತು, ಅಂಗೈ ಅದಕ್ಕಿಂತ ತಣ್ಣಗಿತ್ತು. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅದು ಅಲ್ಲೇ ಇತ್ತು. "ಇಳದೈತಿ ಬಿಡು," ಎಂದರು. ಅಷ್ಟೇ. ಯಾಕೆ ಎಂದು ಕೇಳಲಿಲ್ಲ, ಆಗಲೂ, ಆಮೇಲೂ. ಮಳೆಗೆ ಬಸ್ಸುಗಳು ನಿಂತಿದ್ದವು. ಆ ರಾತ್ರಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕಳೆದು, ಮರುದಿನ ಬೆಳಿಗ್ಗೆ ಅವಳ ಟ್ರಂಕು ಹೊರಿಸಿಕೊಂಡು ಅವಳನ್ನು ಸವಣೂರಿಗೆ ಕರೆತಂದರು. ಬಸ್ಸಿಳಿದಾಗ ಆಫೀಸಿನವರೊಬ್ಬರು ಕಾಯುತ್ತಿದ್ದರು. ಅಪ್ಪ ಅವಳನ್ನು ಮನೆಯ ಕಡೆ ಕಳಿಸಿ ಅವರ ಜೊತೆ ಹೋದರು. ಅದಾದ ಮೇಲೆ ಮೂರು ತಿಂಗಳು ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಕುಳಿತು ಕ್ಯಾಲ್ಕುಲಸ್ಸು ಹೇಳಿಕೊಟ್ಟರು. ಲೆಕ್ಕ ತಪ್ಪಿದಾಗ ಬಯ್ಯುತ್ತಿರಲಿಲ್ಲ, ಉತ್ತರದ ಕೆಳಗೆ ಒಂದು ಗೆರೆ ಎಳೆದು ಸುಮ್ಮನೆ ಕಾಯುತ್ತಿದ್ದರು.

ನಿಖತ ಬಾಳೆಹಣ್ಣು ಇಡಲು ತಟ್ಟೆ ಕೇಳಿದಳು. ಅದೇ ನೆಪವಾಗಿ ಯಶೋಧರಾ ಅಡಿಗೆಮನೆಗೆ ಹೋದಳು.

"ರಜಾ ಆಗಿರ್ಲಿಲ್ಲ ಅದು," ಎಂದಳು.

ಅವ್ವ ಚಹಾ ಸೋಸುತ್ತಿದ್ದಳು. "ಸಸ್ಪೆಂಡ್ ಮಾಡಿದ್ರು. ತನಿಖಿ ಮುಗಿಯೂತನಾ. ಕೆಳಗಿನವ್ರಿಗೆ ರಸ್ತಾಕ್ಕ ಮುಳ್ಳ ಹಚ್ಚಿ ಬಂದ್ ಮಾಡ್ರಿ ಅಂತ ಹೇಳಿ ಹೋಗಿದ್ರಂತ ಇವ್ರು. ಅವ್ರು ಹಚ್ಚಲಿಲ್ಲ. ಆದ್ರ ಇವ್ರು ಅವ್ರ ಹೆಸರ ಹೇಳ್ಲಿಲ್ಲ. ನಾನ ಹೋಗಬೇಕಾಗಿತ್ತು ಅಂತ ಬರದ ಕೊಟ್ರು."

"ನನಗ ಯಾಕ ಹೇಳ್ಲಿಲ್ಲ ನೀವು?"

"ಹೇಳಿದ್ರ ನೀ ಓದ್ತಿದ್ದೇನು ಆ ವರ್ಷ? ಜಡ್ಡಿನ ಮ್ಯಾಲೆ ಜಡ್ಡು ಹಚ್ಕೊಂತಿದ್ದಿ. ಯಶೂಗ ತಿಳೀಬಾರ್ದು ಅಂತ ನನ್ನ ಕಡೆ ಮಾತ ತಗೊಂಡಿದ್ರು." ಅವ್ವ ಕಪ್ಪುಗಳನ್ನು ಎಣಿಸಿದಳು. "ನಾನೂ ಒಂದಿನಾ ಕೇಳಿದ್ನಿ, ಅಂಥಾ ಏನ್ ಜಡ್ಡಾಗಿತ್ತು ಆಕಿಗೆ, ನೀವು ಮಳ್ಯಾಗ ಓಡಿಹೋಗೂವಂಥಾದ್ದು ಅಂತ. ಮೈ ಸುಡ್ತಿತ್ತು, ಮುಟ್ಟಾಕ ಆಗ್ತಿರ್ಲಿಲ್ಲ ಅಂದ್ರು."

ಯಶೋಧರಾ ಬಾಳೆಹಣ್ಣಿಗೆ ತಟ್ಟೆ ಕೈಗೆತ್ತಿಕೊಂಡಳು. ಅಳತೆಪುಸ್ತಕದಲ್ಲಿ ಒಂದು ಇಂಚು ಹೆಚ್ಚು ಬರೆಯಲೊಪ್ಪದೆ ಕಂತ್ರಾಟುದಾರರಿಂದ ಬೈಸಿಕೊಂಡ ಮನುಷ್ಯ ಹೆಂಡತಿಯ ಮುಂದೆ, ಸತ್ತವನ ಹೆಂಡತಿಯ ಮುಂದೆ, ಬಾಳಿನುದ್ದಕ್ಕೂ ಈ ಒಂದು ಸುಳ್ಳನ್ನು ಹೇಳಿದ್ದರು. ಅದು ಅವರ ಸುಳ್ಳಲ್ಲ. ಅವಳದು. ಅವಳು ಬೂತಿನಲ್ಲಿ ಬಿಟ್ಟುಬಂದದ್ದನ್ನು ಅವರು ಎತ್ತಿಕೊಂಡು ಹೊತ್ತಿದ್ದರು.

ಭವನದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಮೊದಲು ಪಂಚಶೀಲ ಹೇಳಿಸಿದರು. ಅಧ್ಯಕ್ಷತೆ ವಹಿಸಿದ್ದ, ಅಪ್ಪನ ಇಲಾಖೆಯ ನಿವೃತ್ತ ದೊಡ್ಡ ಸಾಹೇಬರು, ಮೂವತ್ತು ವರ್ಷದ ಪರಿಚಯದಲ್ಲಿ ಒಮ್ಮೆಯೂ ಅವರ ಮನೆಯ ನೀರು ಕುಡಿಯದಿದ್ದವರು, ಭರಮಪ್ಪನವರಂಥ ಕುಟುಂಬವತ್ಸಲರು ಅಪರೂಪ ಎಂದರು. ಮೂರು ಸಲ ಎಂದರು. ಮಗಳು ಯಶೋದಾ ಈಗ ಮಾತಾಡುತ್ತಾಳೆ ಎಂದು ಹೆಸರು ತಪ್ಪಿಸಿ ಕರೆದರು. ಅವಳು ಮೈಕಿನ ಮುಂದೆ ಹಾಳೆ ಬಿಡಿಸಿದಳು. ಮೂರನೆಯ ಸಾಲಿನಲ್ಲಿ ಹುಸೇನಬಿ, ಪಕ್ಕದಲ್ಲಿ ಅವ್ವ. ಮೊದಲ ಪ್ಯಾರಾ ಸರಾಗವಾಗಿ ಹೋಯಿತು. ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹೋಗಬೇಕೆಂದುಕೊಂಡಿದ್ದಳು, ಆದರೆ ಇಷ್ಟು ವರ್ಷ ಹೇಳಿ ಹೇಳಿ ರೂಢಿಯಾದ ನಾಲಿಗೆ ತಾನೇ ಮುಂದೆ ಹೋಯಿತು. "ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ಮೂರು ತಿಂಗಳು ರಜೆ ಹಾಕಿ." ಮುಂದಿನ ಸಾಲಿನಲ್ಲಿದ್ದ ಅಪ್ಪನ ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿ ತಲೆ ತಗ್ಗಿಸಿದರು. ಒಬ್ಬರು ಚಪ್ಪಲಿಯಲ್ಲಿ ಕಾಲು ಸರಿಪಡಿಸಿಕೊಂಡರು. ಇವರಿಗೆಲ್ಲ ಗೊತ್ತಿತ್ತು. ಅವಳು ಮದುವೆಮನೆಗಳಲ್ಲಿ ಈ ಮಾತು ಹೇಳಿದಾಗಲೂ ಗೊತ್ತಿದ್ದವರು ಇದ್ದಿರಬೇಕು, ಹೀಗೇ ತಲೆ ತಗ್ಗಿಸಿರಬೇಕು, ಮತ್ತು ಅಪ್ಪ? ಒಮ್ಮೆ ಅಕ್ಕಿಆಲೂರಿನ ಒಂದು ಮದುವೆಯಲ್ಲಿ ಅವಳು ಜೋರಾಗಿ ಇದನ್ನು ಹೇಳುತ್ತಿದ್ದಾಗ ಅಪ್ಪ ಎದ್ದು ಕೈ ತೊಳೆಯಲು ಹೋಗಿದ್ದರು, ಎಲೆಯಲ್ಲಿ ಅನ್ನ ಹಾಗೇ ಇತ್ತು. ಅವಳು ಅದನ್ನು ವಿನಯವೆಂದುಕೊಂಡಿದ್ದಳು. ಮೈಕು ಕಿರ್ರೆಂದಿತು. "ನನಗೆ ಗಣಿತ ಹೇಳಿಕೊಟ್ಟರು," ಎಂದು ವಾಕ್ಯ ಮುಗಿಸಿದಳು. ಉಳಿದ ಹಾಳೆಯನ್ನು ಓದಲಿಲ್ಲ. ದುಃಖಕ್ಕೆ ಮಾತು ನಿಂತಿತೆಂದು ಜನ ತಿಳಿದರು. ಇಳಿದು ಬಂದಾಗ ಯಾರೋ ಅವಳ ಬೆನ್ನು ಸವರಿದರು.

ಊಟವಾದ ಮೇಲೆ ಹುಸೇನಬಿ ಮತ್ತು ನಿಖತಳನ್ನು ಬಸ್ಸಿಗೆ ಹತ್ತಿಸಲು ಯಶೋಧರಾ ತಾನೇ ಹೋದಳು. ಸವಣೂರಿನ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಂತಿತ್ತು, ಹೊರಡಲು ಹೊತ್ತಿತ್ತು. ನಿಖತ ನೀರಿನ ಬಾಟಲಿ ತರಲು ಹೋದಳು. ಬೆಂಚಿನ ಮೇಲೆ ಇಬ್ಬರೇ. ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು. ಆದರೆ ಹುಸೇನಬಿ ಅವಳ ಸೆರಗಿನ ಪಿನ್ನು ಸರಿಮಾಡಿ, "ಆರೋಗ್ಯ ನೋಡ್ಕೋ ಬೇಟಿ. ಸಣ್ಣಂದ್ರಾಗ ಅಂಥಾ ಜಡ್ಡು ಬಂದವ್ರು ಮುಂದ ಹುಷಾರಿರಬೇಕು," ಎಂದಾಗ ತಡೆದುಕೊಳ್ಳಲಾಗಲಿಲ್ಲ.

"ನನಗ ಜಡ್ಡಾಗಿರ್ಲಿಲ್ರಿ."

ಹುಸೇನಬಿ ಕಿವಿ ಕೇಳದವಳಂತೆ ಮುಖ ಹತ್ತಿರ ತಂದಳು.

"ಹಾಸ್ಟೆಲ್‌ನ್ಯಾಗ ಬ್ಯಾಸರಾಗಿತ್ತು. ಅಪ್ಪ ಬರ್ಲಿ ಅಂತ ಸುಳ್ಳ ಹೇಳಿದ್ನಿ. ಅವ್ರು ಬಂದಾಗ ನಾ ನಗಕೊಂತ ಗಿರಮಿಟ್ ತಿನ್ನಾಕತ್ತಿದ್ನಿ. ಅವರಿಗೆ ಗೊತ್ತಾತು. ಯಾರಿಗೂ ಹೇಳ್ಲಿಲ್ಲ." ತಂಬಿಗೆಯ ಮಾತನ್ನು ಅವಳು ಹೇಳಲಿಲ್ಲ. ಹೇಳಿದರೆ ಅದು ಕ್ಷಮೆಗೆ ಕೊಟ್ಟ ಬೆಲೆಯಂತಾಗುತ್ತಿತ್ತು.

ಮುದುಕಿಯ ಕೈ ಸೆರಗಿನ ಮೇಲಿಂದ ಇಳಿಯಿತು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಏನನ್ನೋ ಎಲ್ಲಿಟ್ಟೆನೆಂದು ಹುಡುಕುವವರ ಮುಖ. ಬಹಳ ಹೊತ್ತು ಎದುರಿನ ಗೋಡೆಯ ವೇಳಾಪಟ್ಟಿಯನ್ನು ನೋಡುತ್ತಿದ್ದಳು, ಓದು ಬಾರದವಳು.

"ಹಂಗಾರ ನಮ್ಮನಿಯವ್ರು ಯಾಕ ಹ್ವಾದ್ರು?" ಎಂದಳು ಕೊನೆಗೆ. ಯಶೋಧರಾಳನ್ನು ಕೇಳಿದಂತಿರಲಿಲ್ಲ.

"ಯವ್ವಾ..."

"ಇದನ್ನ ನಿಮ್ಮ ಅಪ್ಪಗ ಹೇಳಿ ಕಾಲ ಹಿಡಕೋಬೇಕಾಗಿತ್ತು ನೀವು. ಅವ್ರು ಇರೂತನಾ. ನನಗ್ಯಾಕ ಹೇಳಿದ್ರಿ?"

ನೀವು. ಬೆಳಗಿನಿಂದ ನೀ ಎನ್ನುತ್ತಿದ್ದವಳು. ಅದೊಂದು ಅಕ್ಷರದಿಂದ ಬೆಂಚಿನ ನಡುವೆ ನೀರು ಹರಿದಂತಾಯಿತು. ಯಶೋಧರಾ ಏನೋ ಹೇಳಲು ಬಾಯಿ ತೆರೆದಳು. ಮುಂದಿನ ವರ್ಷ ಆ ದಿನ ನಾನು ಬರುತ್ತೇನೆ ಎಂದೋ, ಅಪ್ಪನ ಬದಲು ಎಂದೋ. ಅಂಥ ಮಾತುಗಳೆಲ್ಲ ತನಗಾಗಿಯೇ ತಾನು ಬೇಡುವವೆಂದು ತಿಳಿದು ಸುಮ್ಮನಾದಳು. ಹೇಳಿದ್ದರಿಂದ ಹಗುರಾಗುತ್ತದೆಂದುಕೊಂಡಿದ್ದಳು. ಎದೆಯ ಒಂದು ಮೂಲೆ ನಿಜವಾಗಿಯೂ ಹಗುರಾಗಿತ್ತು, ಆ ಹಗುರದ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ನಿಖತ ಬಾಟಲಿ ಹಿಡಿದು ಬರುತ್ತಿರುವುದು ದೂರದಿಂದ ಕಂಡಿತು. ಹುಸೇನಬಿ ಎದ್ದಳು. ಚೀಲಕ್ಕೆ ಯಶೋಧರಾ ಕೈ ಹಾಕಿದರೆ ಬಿಡಲಿಲ್ಲ. "ನನ್ನ ಮಗಳಿಗೆ ತಿಳೀಬಾರ್ದು," ಎಂದಳು, ತಗ್ಗಿದ ದನಿಯಲ್ಲಿ, ಬೇಗ ಬೇಗ. "ಅವರಪ್ಪನ ಮುಖಾ ನೆನಪಿಲ್ಲ ಅಕಿಗೆ. ಒಂದ ಹುಡುಗಿ ಉಳದಾಳ ಅನ್ನೂದೊಂದ ಗೊತ್ತು. ಆ ಮಾತ ಕೇಳ್ಕೊಂತ ಬೆಳದು ನರ್ಸ್ ಆಗ್ಯಾಳ."

ಬಸ್ಸು ಹತ್ತಿ ತಾಯಿ ಮಗಳು ಕಿಟಕಿಯ ಬಳಿ ಕುಳಿತರು. ತಾಯಿ ಒಳಗಿನ ಸೀಟಿಗೆ ಸರಿದಳು, ನಿಖತ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಡ್ರೈವರು ಹತ್ತಿ ಬಾಗಿಲು ಹಾಕಿಕೊಂಡ.

"ಅಕ್ಕಾ, ಮುಂಜಾನಿಂದ ಕೇಳಬೇಕನ್ನಾಕತ್ತಿದ್ನಿ. ಆವಾಗ ಏನ್ ಜಡ್ಡಾಗಿತ್ರಿ ನಿಮಗ?"

ಅವಳ ಹಿಂದೆ, ನೆರಳಿನಲ್ಲಿ, ಹುಸೇನಬಿಯ ಕಣ್ಣುಗಳು ಯಶೋಧರಾಳ ಮೇಲೆ ನಿಂತಿದ್ದವು.

"ಟೈಫಾಯ್ಡು," ಎಂದಳು ಯಶೋಧರಾ.

"ಹೌದ್ರಿ? ಎಷ್ಟ ದಿನಾ ಇತ್ತು?"

"ಇಪ್ಪತ್ತೊಂದ ದಿನಾ."

"ಅದು ಭಾಳ ಕೆಟ್ಟರಿ. ಕೂದಲಾ ಉದರಿರಬೇಕಲ್ರಿ ನಿಮ್ಮವು?"

"ಉದರಿದ್ವು," ಎಂದಳು. ಅವಳ ಕೈ ತಾನಾಗಿಯೇ ನೆತ್ತಿಗೆ ಹೋಯಿತು. "ಭಾಳ ಉದರಿದ್ವು."

ಬಸ್ಸು ಹಿಂದಕ್ಕೆ ಸರಿಯತೊಡಗಿತು. ನಿಖತ ಇನ್ನೂ ಏನೋ ಕೇಳುವವಳಿದ್ದಳು. ಹುಸೇನಬಿ ಮಗಳ ತೋಳು ಹಿಡಿದು ಒಳಕ್ಕೆಳೆದುಕೊಂಡಳು. "ಕೇಳಬ್ಯಾಡ ಸಾಕು," ಎಂದದ್ದು ಇಂಜಿನ್ನಿನ ಸದ್ದಿನಲ್ಲೂ ಹೊರಗೆ ಕೇಳಿಸಿತು. "ಗುರುತು ಸಿಗಲಾರದಂಗ ಸೊರಗಿದ್ಲಂತ ಹುಡುಗಿ. ಸಾಹೇಬ್ರು ಹೇಳ್ತಿದ್ರು."